ಚಪ್ಪಲಿ ಎಣಿಸಿ ಕೊಟ್ಟ ಟಿವಿ

ಗೆಳೆಯರೇ, ನಮ್ಮ ಮರಳೂರು ಕಾಲೋನಿಯ ಮೊದಲ ಟಿವಿ ಇವತ್ತು ಎದುರುಮನೆ ಪುಟ್ಟಮ್ಮನವರ ಪಾಲಾಯಿತು. ಎಲ್ಲ ಜಾತಿಯವರಿಗೂ ಒಂದೇ ಬೀದಿಯಲ್ಲಿ ಮನೆ ಕೊಟ್ಟ ಸರ್ಕಾರ, ಒಟ್ಟಿಗೆ ಕೂತು ನೋಡಲಿ ಎಂದು ಕಳಿಸಿದ್ದು. ಸಮುದಾಯ ಭವನ ಮುಗಿಯುವವರೆಗೆ ಯಾರದಾದರೂ ಮನೆಯಲ್ಲಿಡಬೇಕು. ಪದವೀಧರನಾದ ನಾನು ಬೆಳಿಗ್ಗೆಯೇ ಪಡಸಾಲೆ ತೊಳೆದು, ಮೇಜಿಗೆ ಕಸೂತಿ ಬಟ್ಟೆ ಹಾಸಿ ಕಾದಿದ್ದೆ.

ಬಂದ ಅಧಿಕಾರಿ ಒಳಗೆ ಕಾಲಿಡಲೇ ಇಲ್ಲ. ಬಾಗಿಲುಗಳ ಮುಂದಿನ ಚಪ್ಪಲಿ ಎಣಿಸುತ್ತ ಬೀದಿಯುದ್ದಕ್ಕೂ ನಡೆದರು.

"ನಿಮ್ಮ ಬಾಗಿಲಲ್ಲಿ ಒಂದೇ ಜೊತೆ ಇದೆಯಲ್ರೀ?"

"ನಂದೇ ಸಾರ್. ಮನೆ ಶುದ್ಧವಾಗಿಟ್ಟಿದೀನಿ."

"ಅಲ್ನೋಡಿ, ಎದುರುಗಡೆ ಹತ್ತು ಜೊತೆ. ಜನ ಹೋಗೋ ಮನೇಲೇ ಇಡಣ."

ಪುಟ್ಟಮ್ಮ ನಕ್ಕರು. "ಬೇಜಾರ್ ಮಾಡ್ಕೋಬ್ಯಾಡಿ ಅಣ್ಣ, ಸಂಜಿಕ್ ಬನ್ನಿ. ನಿಮ್ಗೆ ಮುಂದ್ಗಡೇನೇ ಚಾಪೆ ಹಾಕ್ತೀನಿ."

ಟಿವಿ ಹೋಯಿತು ಅವರ ಪಡಸಾಲೆಗೆ, ಕಿಚ್ಚು ಬಿತ್ತು ನನ್ನ ಹೊಟ್ಟೆಯೊಲೆಗೆ.

ಆ ಹತ್ತರಲ್ಲಿ ನೀಲಿ ಪಟ್ಟಿಯ ಜೊತೆಯೊಂದು ಎಲ್ಲೋ ಕಂಡಂತಿತ್ತು. ನನ್ನ ಹೆಂಡತಿಯದು. "ನೆಲ ಆರೋವರೆಗೂ ಒಳಗೆ ಬರಬೇಡ ಕಣೇ" ಎಂದು ಬೆಳಿಗ್ಗೆ ಅವಳನ್ನು ಹೊರಗೆ ಕಳಿಸಿದವನು ನಾನೇ.