ಭಾನುವಾರದ ಗಾಡಿಗಳು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಣ್ಣ ಹಚ್ಚಲು ಬಂದವನು ಕೆಲಸ ಮುಗಿಸಿ, ಡಬ್ಬಿಯಲ್ಲಿ ಸೀಮೆಎಣ್ಣೆ ಸುರಿದುಕೊಂಡು ಬ್ರಷ್ಷು ತೊಳೆಯುತ್ತಿದ್ದ. ವಾಸನೆ ಲಿಫ್ಟಿನ ತನಕ ಬಂದಿತ್ತು. ನಮ್ಮ ಕಡೆ ಅದಕ್ಕೆ ಚಿಮಣಿ ಎಣ್ಣೆ ಅನ್ನುತ್ತಾರೆ. ಈಗ ಯಾವ ಮನೆಯಲ್ಲೂ ಆ ವಾಸನೆ ಇಲ್ಲ. ನಾನು ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಹೈದರಾಬಾದಿನ ಸನತ್‌ನಗರದಲ್ಲಿ ನಾವು ಮೊದಲಿದ್ದ ಸಾಲುಮನೆಗಳ ಲೈನಿನ, ಪಕ್ಕದ ಮನೆಯ ಕಾಕಾ ನೆನಪಾದರು. ನೆನಪಿನ ಜೊತೆ ಮೊದಲು ಬಂದದ್ದು ಪ್ರೀತಿಯಲ್ಲ, ಸಿಟ್ಟು. ಸುಳ್ಳು ಯಾಕೆ ಹೇಳಲಿ.

ಸಂಬಂಧದಲ್ಲಿ ಅವರು ನನಗೆ ಕಾಕಾ ಅಲ್ಲ. ರಾಯಚೂರು ಕಡೆಯಿಂದ ಬಂದು ಸನತ್‌ನಗರದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಮೇಲೆ ಕೆಲಸಕ್ಕಿದ್ದರು. ನಾನು ನಾಚಾರಂನ ಸಣ್ಣ ಕಂಪನಿಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಆ ಲೈನಿನಲ್ಲಿ ಕನ್ನಡ ಮಾತಾಡುವ ಮನೆಗಳು ನಮ್ಮವೆರಡೇ. ಹಾಗಾಗಿ ಬಂದ ವಾರದಲ್ಲೇ ಅವರು ಕಾಕಾ, ಅವರ ಹೆಂಡತಿ ಕಾಕು ಆಗಿಬಿಟ್ಟರು. ನಡುವೆ ಒಂದೇ ಗೋಡೆ. ಅವರ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಸೀನು ನಮ್ಮ ಮನೆಯಲ್ಲಿ.

ಭಾನುವಾರ ತಿಂಡಿ ಆಯಿತೆಂದರೆ ಕಾಕಾ ಚೌಕುಳಿ ಲುಂಗಿ ಮೇಲೆ ಕಟ್ಟಿಕೊಂಡು ಹೊರಗೆ ಬರುತ್ತಿದ್ದರು. ಒಂದು ಕೈಯಲ್ಲಿ ಸೀಮೆಎಣ್ಣೆಯ ಹಳೆಯ ತಾಟು, ಇನ್ನೊಂದರಲ್ಲಿ ಉದ್ದನೆಯ ಸ್ಕ್ರೂಡ್ರೈವರು, ಹೆಗಲ ಮೇಲೆ ಹರಿದ ಬನಿಯನ್ನು. ಲೈನಿನ ತುದಿಯಲ್ಲಿ ನಿಂತ ಮೊದಲ ಬೈಕಿನಿಂದ ಗಾಡಿಗಳ ರಿಪೇರಿ ಶುರು. ಯಾರೂ ಕರೆದಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಯಾರದು, ಏನಾಗಿದೆ, ಬಿಚ್ಚಲೇ ಎಂದು ಕೇಳುವ ಪದ್ಧತಿಯೇ ಇಲ್ಲ. ನಾವು ಒಳಗೆ ಚಹಾ ಕುಡಿಯುತ್ತಿದ್ದರೆ ಹೊರಗೆ ನಮ್ಮ ಗಾಡಿಯ ಪ್ಲಗ್ಗು ಅವರ ತಾಟಿನಲ್ಲಿ ಮುಳುಗಿರುತ್ತಿತ್ತು.

ಕೈ ಹಾಕಿದರೆ ಹಾಕಲಿ, ಬಾಯಿ ಸುಮ್ಮನಿರಬೇಕಲ್ಲ. ಡಿಸ್ಕ್ ಬ್ರೇಕಿನ ಗಾಡಿ ತಂದವನಿಗೆ ಗಾಡಿ ಓಡಿಸಲು ಬರುವುದಿಲ್ಲ. ಸೆಲ್ಫ್ ಒತ್ತಿ ಚಾಲೂ ಮಾಡುವವನ ಕಾಲಿನಲ್ಲಿ ಜೀವ ಇಲ್ಲ. ಬೆಳಗಿನ ಪೆಟ್ರೋಲು ಗಟ್ಟಿ, ಮಧ್ಯಾಹ್ನದ್ದು ತೆಳು. ಹೆಂಗಸರು ಎರಡೂ ಕಾಲು ಒಂದೇ ಕಡೆ ಹಾಕಿ ಕೂತರೆ ಚೈನು ವಾರೆ ಸವೆಯುತ್ತದೆ. ಈ ಕೊನೆಯದನ್ನು ಅವರು ನನ್ನ ಹೆಂಡತಿಯ ಎದುರೇ ಹೇಳಿದರು. ಅವಳು ಸೀರೆ ಉಟ್ಟುಕೊಂಡು ಮದುವೆಗೆ ಹೊರಟಿದ್ದಳು. ದಾರಿಯುದ್ದಕ್ಕೂ ಬೈಗುಳ ತಿಂದವನು ನಾನು.

ಎಲ್ಲಕ್ಕಿಂತ ದೊಡ್ಡ ಹಟ ಒಂದಿತ್ತು. ಆಗಿನ ಗಾಡಿಗಳಲ್ಲಿ ಕಾರ್ಬೊರೇಟರಿನ ಪಕ್ಕ ಒಂದು ಸಣ್ಣ ತಿರುಪು ಇರುತ್ತಿತ್ತು. ಗಾಡಿ ನಿಂತಿದ್ದಾಗ ಎಂಜಿನ್ನು ಎಷ್ಟು ಜೋರಾಗಿ ಓಡುತ್ತಿರಬೇಕು ಎಂಬುದು ಆ ತಿರುಪಿನ ಕೈಯಲ್ಲಿ. ಅದನ್ನು ಇಳಿಸಿ ಇಳಿಸಿ, ಎಂಜಿನ್ನು ಚಾಲೂ ಇದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ಮೆತ್ತಗೆ ಮಾಡಬೇಕು, ಅದೇ ಚೊಕ್ಕ ಗಾಡಿ ಎಂಬುದು ಕಾಕಾನ ಮತ. ಹೆಚ್ಚು ಇಟ್ಟರೆ ಸುಮ್ಮನೆ ನಿಂತಲ್ಲೇ ಪೆಟ್ರೋಲು ಕುಡಿಯುತ್ತದಂತೆ. ಹೈದರಾಬಾದಿನ ಟ್ರಾಫಿಕ್ಕಿನಲ್ಲಿ ನಾಚಾರಂ ತನಕ ಹೋಗುವವನು ನಾನು, ಸ್ವಲ್ಪ ಜಾಸ್ತಿ ಇರಲಿ ಕಾಕಾ ಎಂದು ಅದೆಷ್ಟು ಸಲ ಹೇಳಿದೆನೋ. ಗೋಡೆಗೆ ಹೇಳಿದಂತೆ.

ಆದರೆ ಮೊದಮೊದಲು ಅವರ ಕೈ ಚೆನ್ನಾಗಿತ್ತು, ಇಲ್ಲ ಅನ್ನಲಾರೆ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಎಂಜಿನ್ನಿಗೆ ತಾಗಿಸಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ತಿರುಪು ಇಳಿಸುತ್ತಾ ಹೋಗುವುದು. ಎಂಜಿನ್ನು ಮುಗ್ಗರಿಸುವ ಹೊತ್ತಿಗೆ ಒಂದು ಸದ್ದು ಮಾಡುತ್ತದೆ, ಮಗು ಬಿಕ್ಕಳಿಸಿದ ಹಾಗೆ. ನಮಗೆ ಕೇಳುತ್ತಿರಲಿಲ್ಲ, ಅವರಿಗೆ ಕೇಳುತ್ತಿತ್ತು. ಕೇಳಿದ ಕೂಡಲೇ ತಿರುಪನ್ನು ಕೂದಲೆಳೆಯಷ್ಟು ಹಿಂದಕ್ಕೆ ತಂದು ಬಿಟ್ಟುಬಿಡುತ್ತಿದ್ದರು. ಆಮೇಲೆ ಬೆರಳಿನಿಂದ ಗಾಳಿಯಲ್ಲಿ ತಾಳ ಹಾಕುತ್ತಾ, “ಈಗ ಕೇಳು... ಡುಗ್, ಡುಗ್, ಡುಗ್,” ಎನ್ನುತ್ತಿದ್ದರು. ಗಾಡಿ ನಿಜವಾಗಿಯೂ ಹಾಗೇ ಓಡುತ್ತಿತ್ತು, ಸಿಗ್ನಲ್ಲಿನಲ್ಲಿ ಬಂದ್ ಬೀಳುತ್ತಲೂ ಇರಲಿಲ್ಲ.

ಆ ಕೈ ಯಾವಾಗ ಕೆಟ್ಟಿತೋ ಸರಿಯಾಗಿ ನೆನಪಿಲ್ಲ... ಒಂದು ಸೋಮವಾರ ಎರ್ರಗಡ್ಡ ಸಿಗ್ನಲ್ಲಿನಲ್ಲಿ ನನ್ನ ಗಾಡಿ ಬಂದ್ ಬಿತ್ತು. ಹಿಂದೆ ಬಸ್ಸು, ಆಟೋ, ಎಲ್ಲರ ಹಾರ್ನು ನನ್ನ ಬೆನ್ನ ಮೇಲೆ. ಕಿಕ್ಕು ಹೊಡೆಯುತ್ತಾ ಪಕ್ಕಕ್ಕೆ ನೋಡಿದರೆ ನಮ್ಮ ಎದುರು ಮನೆಯವನೂ ಕಿಕ್ಕು ಹೊಡೆಯುತ್ತಿದ್ದ. ಅವನು ಸುಲ್ತಾನ್ ಬಜಾರಿನ ಸೀರೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಪೆಟ್ರೋಲಿನಲ್ಲಿ ನೀರಿದೆ ಎಂದು ಇಬ್ಬರೂ ಬಂಕಿನವನಿಗೆ ಬೈದುಕೊಂಡೆವು. ಮುಂದಿನ ಸೋಮವಾರವೂ ಅದೇ ಕಥೆ. ಆಮೇಲೆ ತಿಳಿಯಿತು, ತಪ್ಪು ಪೆಟ್ರೋಲಿನದಲ್ಲ, ಕಾಕಾ ಇಳಿಸಿದ ತಿರುಪಿನದು.

ಸಿಗ್ನಲ್ಲು ದಾಟಿದ ಮೇಲೆ ಒಬ್ಬ ಮೆಕ್ಯಾನಿಕ್ಕನ ಡಬ್ಬಾ ಅಂಗಡಿ ಇತ್ತು. ಲೈನಿನವರೆಲ್ಲ ಸೋಮವಾರ ಬೆಳಿಗ್ಗೆ ಅಲ್ಲಿ ನಿಲ್ಲಿಸಿ ತಿರುಪು ಹೆಚ್ಚು ಮಾಡಿಸಿಕೊಂಡು ಕೆಲಸಕ್ಕೆ ಹೋಗುವುದು ರೂಢಿಯಾಯಿತು. ಅವನು ನಮ್ಮನ್ನು ನೋಡಿದೊಡನೆ ತೆಲುಗಿನಲ್ಲಿ, “ಆದಿವಾರಂ ಬಂಡಿ ವಚ್ಚಿಂದಿ,” ಎಂದು ನಗುತ್ತಿದ್ದ. ಭಾನುವಾರದ ಗಾಡಿ ಬಂತು ಎಂದು. ಮತ್ತೆ ಭಾನುವಾರ ಬಂದರೆ ಅದೇ ಜನ ಕಾಕಾನ ಸುತ್ತ ನಿಂತು, ವಾಹ್ ಕಾಕಾ, ಏನು ಕೈ ಕಾಕಾ ಎಂದು ತಲೆ ಆಡಿಸುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೋಮವಾರ ಅರ್ಧ ದಿನ ಹಾಳು ಮಾಡಿಕೊಂಡು ಭಾನುವಾರ ಹೊಗಳುವುದಾದರೂ ಯಾಕೆ? ಎದುರು ಮನೆಯವನನ್ನು ಕೇಳಿದೆ. “ಛೋಡೋ ಭಾಯ್, ಬಡೇ ಆದ್ಮಿ ಹೈ. ದಿಲ್ ಟೂಟ್ ಜಾತಾ,” ಎಂದ. ಹಿರಿಯರಂತೆ, ಮನಸ್ಸು ಒಡೆಯುತ್ತದಂತೆ. ಸೀರೆ ಮಾರುವವನ ನಾಲಿಗೆ, ಎಲ್ಲದಕ್ಕೂ ಜರಿ ಅಂಚು.

ಇಷ್ಟೇ ಆಗಿದ್ದರೆ ನಾನೂ ಹಲ್ಲು ಕಚ್ಚಿಕೊಂಡು ಇದ್ದುಬಿಡುತ್ತಿದ್ದೆ. ಆದರೆ ಕಾಕಾ ರಿಟೈರಾದರು. ಬಂದ ಪಿಎಫ್ ಹಣದಲ್ಲಿ ಬೋರಬಂಡಾ ರಸ್ತೆಯಲ್ಲಿ ಷಟರಿನ ಅಂಗಡಿಯೊಂದನ್ನು ಹಿಡಿದು ಗ್ಯಾರೇಜು ಹಾಕುತ್ತೇನೆ ಎಂದು ಹೊರಟರು. ಆ ಹಣ ಬಿಟ್ಟರೆ ಅವರ ಹತ್ತಿರ ಬೇರೇನೂ ಇರಲಿಲ್ಲ, ಊರಲ್ಲಿ ಹೊಲವೂ ಇಲ್ಲ, ಇಲ್ಲಿ ಸ್ವಂತ ಮನೆಯೂ ಇಲ್ಲ. ಒಂದು ಸಂಜೆ ಕಾಕು ಗೋಡೆಯ ಪಕ್ಕ ನಿಂತು ನನ್ನನ್ನು ಕರೆದರು.

“ಅವರಿಗೆ ಕಿವಿ ಹೋಗ್ಯಾವಪಾ. ಕುಕ್ಕರ್ ಸೀಟಿ ಹೊಡದ್ರೂ ಕೇಳಸಂಗಿಲ್ಲ. ಪ್ರೆಸ್ಸಿನ ಸಪ್ಪಳ ತಿಂದು ಹಾಕೇತಿ. ಗ್ಯಾರೇಜ್ ಬ್ಯಾಡ ಅಂದ್ರ, ಲೈನಿನ ಮಂದೀನ ಕೇಳು, ಎಲ್ಲಾರೂ ನನ್ನ ಕೈ ಹೊಗಳತಾರ ಅಂತಾರ. ನೀವು ಯಾಕಪಾ ಸುಳ್ಳ ಹೊಗಳತೀರಿ?”

ನಾನು ಹೊಗಳಿಲ್ಲ ಕಾಕು, ಎಂದು ಹೇಳಬೇಕೆಂದುಕೊಂಡೆ. ಆದರೆ ಸುಮ್ಮನೆ ನಿಂತದ್ದೂ ಹೊಗಳಿದ ಲೆಕ್ಕವೇ ಎಂದು ಅವರ ಮುಖದಲ್ಲೇ ಬರೆದಿತ್ತು. ಮರುದಿನ ಲೈನಿನ ಒಬ್ಬೊಬ್ಬರ ಬಾಗಿಲಿಗೂ ಹೋಗಿ ಹೇಳಿದೆ. ಮುದುಕರ ಜೀವಮಾನದ ಹಣ ಮುಳುಗುತ್ತದೆ, ಎಲ್ಲರೂ ಸೇರಿ ಕೂರಿಸಿಕೊಂಡು ಮೆತ್ತಗೆ ಹೇಳೋಣ ಎಂದೆ. ಹೌದು ಹೌದು, ಹೇಳಲೇಬೇಕು, ನೀವೇ ಹೇಳಿ, ನೀವು ಅವರ ಭಾಷೆಯವರು ಎಂದರು. ಇಂಥ ಜನರ ನಡುವೆ ಬದುಕಿದ್ದೆ ನಾನು. ನಾನೇ ಹೋಗಿ ಹೇಳಲು ಕೂತರೆ ಕಾಕಾ ಪ್ರತಿ ಮಾತಿಗೂ ಬೇರೆಯದೇ ಉತ್ತರ ಕೊಡುತ್ತಿದ್ದರು. ಕೇಳದ್ದಕ್ಕೋ, ಕೇಳಬಾರದೆಂದೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅಡ್ವಾನ್ಸು ಕೊಡುವ ಹಿಂದಿನ ದಿನ ಭಾನುವಾರ. ಕಾಕಾ ಬಹಳ ಖುಷಿಯಲ್ಲಿದ್ದರು. ನನ್ನ ಗಾಡಿಯನ್ನು ಲೈನಿನ ನಡುವೆ ನಿಲ್ಲಿಸಿ, ಎಲ್ಲರನ್ನೂ ಕೂಗಿ ಕರೆದು, ಇನ್ನುಮೇಲೆ ಗ್ಯಾರೇಜಿಗೇ ಬರಬೇಕು ನೀವೆಲ್ಲ ಎಂದು ನಗುತ್ತಾ ತಿರುಪಿಗೆ ಕೈ ಹಾಕಿದರು. ಇಳಿಸಿದರು, ಇನ್ನೂ ಇಳಿಸಿದರು. ಎದ್ದು ಎರಡು ಹೆಜ್ಜೆ ಹಿಂದೆ ಸರಿದು ಬನಿಯನ್ನಿಗೆ ಕೈ ಒರೆಸಿಕೊಂಡರು. ಅಷ್ಟರಲ್ಲಿ ಎಂಜಿನ್ನು ಎರಡು ಸಲ ಬಿಕ್ಕಿ ಬಂದ್ ಆಯಿತು. ಲೈನಿನಲ್ಲಿ ಒಂದು ಸದ್ದಿಲ್ಲ. ಕಾಕಾನ ಬೆರಳು ಮಾತ್ರ ಗಾಳಿಯಲ್ಲಿ ಏಳುತ್ತಾ ಇಳಿಯುತ್ತಾ ಇತ್ತು.

“ಈಗ ಕೇಳ್ರಿ... ಡುಗ್, ಡುಗ್, ಡುಗ್. ಹ್ಯಾಂಗ ಐತಿ?”

ಎದುರು ಮನೆಯವನು ಕತ್ತು ಆಡಿಸಿ, ಬೆರಳು ಗುಂಡಗೆ ಮಾಡಿ ತೋರಿಸಿದ, ಬಹಳ ಚೆನ್ನಾಗಿದೆ ಎಂದು. ಇನ್ನಿಬ್ಬರು ತಲೆ ಆಡಿಸಿದರು. ನನಗೆ ಅವತ್ತು ಬಂದ ಸಿಟ್ಟು ಕಾಕಾನ ಮೇಲೋ, ಇವರ ಮೇಲೋ...

“ಕಾಕಾ, ಗಾಡಿ ಬಂದ್ ಆಗೇತ್ರಿ,” ಎಂದೆ.

“ಏನಂದಿ?”

ಹತ್ತಿರ ಹೋಗಿ ಇನ್ನೂ ಗಟ್ಟಿಯಾಗಿ ಹೇಳಿದೆ. “ಎಂಜಿನ್ ಬಂದ್ ಐತ್ರಿ ಕಾಕಾ. ಆಗಲೇ ಬಂದ್ ಆಗೇತಿ.”

ಕಾಕಾ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಬಗ್ಗಿ ಟಾಂಕಿಯ ಮೇಲೆ ಅಂಗೈ ಇಟ್ಟರು. ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ತಲೆ ಎತ್ತಿ ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಅವರು ಕೈ ಹಾಕದ ಗಾಡಿ ಅಲ್ಲಿ ಒಬ್ಬರದೂ ಇರಲಿಲ್ಲ.

“ನಿಮಗೆಲ್ಲಾ ಯಾವಾಗಿಂದ ಗೊತ್ತೈತಿ?” ಎಂದು ಕೇಳಿದರು.

ಕಾಕಾ ತಾಟು ಎತ್ತಿಕೊಂಡು ಒಳಗೆ ಹೋದರು.

ಅಡ್ವಾನ್ಸು ಕೊಡಲಿಲ್ಲ. ಗ್ಯಾರೇಜಿನ ಮಾತು ಮತ್ತೆ ಬರಲಿಲ್ಲ. ಹಣ ಉಳಿಯಿತು, ಕಾಕು ನನ್ನ ಹೆಂಡತಿಯ ಕೈ ಹಿಡಿದುಕೊಂಡು ಅತ್ತರಂತೆ. ಇತ್ತ ಲೈನಿನಲ್ಲಿ ನಾನು ಕಲ್ಲು ಹೃದಯದವನಾದೆ. ನಾಲ್ಕು ಜನರ ಎದುರು ಹಾಗೆ ಹೇಳಬಾರದಿತ್ತು ಎಂದು ನನಗೆ ಬುದ್ಧಿ ಹೇಳಿದವನು ಬೆರಳು ಗುಂಡಗೆ ಮಾಡಿ ತೋರಿಸಿದ ಅದೇ ಎದುರು ಮನೆಯವನು. ನಾನು ಹೇಳಿದ್ದು ಸರಿ. ಇವತ್ತು ಅದೇ ಜಾಗದಲ್ಲಿ ನಿಲ್ಲಿಸಿದರೂ ಹೇಳುತ್ತೇನೆ. ಆದರೆ ಅದಾದ ಮೇಲೆ ಭಾನುವಾರ ಬೆಳಿಗ್ಗೆ ಹೊರಗೆ ಬಂದರೆ ಗಾಡಿಗಳು ಸುಮ್ಮನೆ ಸಾಲಾಗಿ ನಿಂತಿರುತ್ತಿದ್ದವು. ಯಾವ ಪ್ಲಗ್ಗೂ ಯಾರ ತಾಟಿನಲ್ಲೂ ಇಲ್ಲ. ಅಷ್ಟು ವರ್ಷ ಬೇಡಿಕೊಂಡ ನೆಮ್ಮದಿ ಸಿಕ್ಕಿತ್ತು, ಅದನ್ನು ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ.

ರಾಯಚೂರಿನಲ್ಲಿ ಕಾಕುವಿನ ತಮ್ಮನದು ಹಿಟ್ಟಿನ ಗಿರಣಿ ಇತ್ತು. ಅಲ್ಲಿಗೇ ಹೋಗಿಬಿಡುವುದೆಂದು ತೀರ್ಮಾನವಾಯಿತು. ಸಾಮಾನು ಕಟ್ಟುವ ದಿನ ಕಾಕಾ ತಾವಾಗಿ ನನ್ನ ಬಾಗಿಲಿಗೆ ಬಂದರು. ತಿಂಗಳುಗಟ್ಟಲೆ ನನ್ನ ಜೊತೆ ಮಾತಿರಲಿಲ್ಲ.

“ಗಾಡಿ ಚಾಲೂ ಮಾಡು,” ಎಂದರು. ಮಾಡಿದೆ. ಟಾಂಕಿಯ ಮೇಲೆ ಅಂಗೈ ಇಟ್ಟುಕೊಂಡು ನಿಂತರು. “ಹ್ಯಾಂಗ ಕೇಳಸಾಕತ್ತೈತಿ, ಹೇಳು.”

ಎಂಜಿನ್ನಿನ ಗಂಧವೇ ಗೊತ್ತಿಲ್ಲದ ನನ್ನನ್ನು ಅವರು ಕೇಳುತ್ತಿದ್ದರು. “ಜರಾ ಜೋರ ಐತ್ರಿ ಕಾಕಾ. ಮೆಕ್ಯಾನಿಕ್ ಹೆಚ್ಚ ಮಾಡ್ಯಾನ,” ಎಂದೆ, ಗಟ್ಟಿಯಾಗಿ. ಬೈಯುತ್ತಾರೆ ಎಂದು ಕಾದೆ. ನಿಂತಲ್ಲೇ ಪೆಟ್ರೋಲ್ ಕುಡಿತೈತಿ ಅನ್ನುತ್ತಾರೆ, ಸ್ಕ್ರೂಡ್ರೈವರ್ ತಾ ಅನ್ನುತ್ತಾರೆ...

“ಇರಲಿ ಬಿಡು,” ಎಂದರು. “ನಿನಗ ಟ್ರಾಫಿಕ್‌ನ್ಯಾಗ ಹೋಗೂದು ಇರತೈತಿ. ನೀ ಹೇಳೂದ ಖರೆ.”

ಅಷ್ಟು ವರ್ಷ ಜಗಳಾಡಿದ್ದು ಈ ಒಂದು ಮಾತಿಗಾಗಿ. ಸಿಕ್ಕಾಗ ನನಗೆ ಎಲ್ಲಿಲ್ಲದ ಕೋಪ ಬಂತು. ಯಾರು ನಿಮಗೆ ಒಪ್ಪಿಕೊಳ್ಳಿ ಅಂದರು ಕಾಕಾ ಎಂದು ಭುಜ ಹಿಡಿದು ಅಲುಗಿಸಬೇಕು ಅನ್ನಿಸಿತು. ಅವರು ಟಾಂಕಿಯನ್ನು ಎರಡು ಸಲ ತಟ್ಟಿ ಹೋದರು.

ಆಮೇಲೆ ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಕಾಕಾನಿಗೆ ಫೋನಿನಲ್ಲಿ ಏನೂ ಕೇಳುತ್ತಿರಲಿಲ್ಲ, ಕಾಕುವೇ ನಡುವೆ ನಿಂತು ಮಾತು ದಾಟಿಸುತ್ತಿದ್ದರು. ಅವರ ಪ್ರಶ್ನೆ ಪ್ರತಿ ಸಲ ಒಂದೇ. “ಗಾಡಿ ಹ್ಯಾಂಗ ಐತಿ ಅಂತ ಕೇಳಾಕತ್ತಾರಪಾ.” ಆ ಗಾಡಿಯನ್ನು ನಾನು ಅವರು ಹೋದ ಮರುವರ್ಷವೇ ಮಾರಿದ್ದೆ. ಈಗಿನದರಲ್ಲಿ ಆ ತಿರುಪೇ ಇಲ್ಲ, ಎಲ್ಲ ಕಂಪ್ಯೂಟರು ನೋಡಿಕೊಳ್ಳುತ್ತದೆ, ಸರ್ವೀಸಿನ ಹುಡುಗರು ವೈರು ಚುಚ್ಚಿ ಹೇಳುತ್ತಾರೆ. ಇದನ್ನೆಲ್ಲ ಹೇಳಲು ಬಾಯಿ ಬರಲಿಲ್ಲ. “ಭಾಳ ಚೊಲೊ ಐತ್ರಿ, ಕಾಕಾನ ಕೈ ಅಂದ್ರ ಕಾಕಾನ ಕೈ ಅಂತ ಹೇಳ್ರಿ,” ಎನ್ನುತ್ತಿದ್ದೆ. ಪಕ್ಕದಲ್ಲಿ ಹೆಂಡತಿ ನನ್ನ ಮುಖ ನೋಡುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕಾಕು ಹೆಚ್ಚು ಅಳಲಿಲ್ಲ, ಚಹಾ ಮಾಡಿ ಕೊಟ್ಟರು. ಬರುವಾಗ ಬಾಗಿಲ ತನಕ ಬಂದು, “ನೀ ಗಾಡಿ ಮಾರಿದ್ದು ಅವರಿಗೆ ಗೊತ್ತಿತ್ತಪಾ, ನಿನ್ನ ಹೇಂತಿ ಹೇಳಿದ್ಲು. ಆದರೂ ನನಗ, ಕೇಳು ಕೇಳು, ಏನಂತಾನ ನೋಡು ಅಂತಿದ್ರು. ನೀ ಅಂದಿದ್ದು ನಾ ಹೇಳಿದ್ರ ಭಾಳ ನಗತಿದ್ರು,” ಎಂದರು.

ನಾನು ಬಸ್‌ಸ್ಟ್ಯಾಂಡಿಗೆ ನಡೆದೇ ಬಂದೆ. ಇನ್ನು ಹಬ್ಬಕ್ಕೆ ಫೋನು ಮಾಡಿದರೆ ಆ ಸುಳ್ಳು ಕೇಳಿ ನಗುವವರಿಲ್ಲ.