ನೋವೈಯಿಂದ ಶೋಗನ್ನರ ತಂಗುಮನೆಗೆ

ನವೆಂಬರ್ ಎರಡನೆಯ ವಾರ, ಬೆಳಿಗ್ಗೆ ಹತ್ತಕ್ಕೆ ಮಿಷಿಗನ್ನಿನ ನೋವೈ ಊರಿನ ಮನೆ ಬಿಟ್ಟೆವು. ಹೊರಗೆ ಮೂವತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವಂಥ ಚಳಿ, ಜಿಟಿಜಿಟಿ ಮಳೆ. ಫ್ರೀವೇಯಲ್ಲಿ ಲಾರಿಗಳು ಎರಚಿದ ಕೆಸರುನೀರು ಗಾಜಿಗೆ ಬಡಿಯುತ್ತಲೇ ಇತ್ತು. ಡೆಟ್ರಾಯಿಟ್ ವಿಮಾನ ನಿಲ್ದಾಣ ಇಪ್ಪತ್ತೈದು ಮೈಲಿ. ನಿಲ್ದಾಣಕ್ಕೆ ತಿರುಗುವ ಎಕ್ಸಿಟ್ ಬಂದಾಗ ನನ್ನವರು ಬಾಯಿಬಿಟ್ಟರು.

"ಹನ್ನೊಂದ ವರ್ಷ ಬರ್ತೀನಿ, ಬರ್ತೀನಿ ಅಂತ ಹೇಳ್ಕೋತ ಬಂದಿ. ಈಗ ಹೊಂಟಿ. ಆಕಿಗೆ ನಿನ್ನ ನೆನಪರೆ ಅದನೋ ಇಲ್ಲೋ."

"ನೀವು ಸುಮ್ನ ಗಾಡಿ ನಡಸ್ರಿ" ಅಂದೆ. ನಿಜ ಹೇಳುವವರ ಮೇಲೆ ನನಗೆ ಬೇಗ ಸಿಟ್ಟು ಬರುತ್ತದೆ.

ಆಕೆ ಎಂದರೆ ಮಿಚಿಕೊ. ಅವಳ ಗಂಡ ತನಾಬೆ ಕಾರಿನ ಬಿಡಿಭಾಗ ಮಾಡುವ ಜಪಾನಿ ಕಂಪನಿಯಿಂದ ಮಿಷಿಗನ್ನಿಗೆ ಬಂದಿದ್ದರು. ಆರು ವರ್ಷ ನಮ್ಮ ಬಡಾವಣೆಯಲ್ಲಿ ಪಕ್ಕದ ಮನೆ. ಲೈಬ್ರರಿಯ ಪುಕ್ಕಟೆ ಇಂಗ್ಲಿಷ್ ಕ್ಲಾಸಿನಲ್ಲಿ ಇಬ್ಬರೂ ಹಿಂದಿನ ಸಾಲಿನಲ್ಲಿ ಕೂತು, ಟೀಚರ್ ಹೇಳಿದ್ದು ಯಾರಿಗೂ ಅರ್ಥವಾಗದೆ ನಗುತ್ತಿದ್ದೆವು. ಹಿಮದಲ್ಲಿ ಡ್ರೈವ್ ಮಾಡಲು ನನಗೆ ಕಲಿಸಿದ್ದು ಅವಳು. ಅವಳಿಗೆ ರೊಟ್ಟಿ ಬಡಿಯಲು ಕಲಿಸಿದ್ದು ನಾನು. ಊರಿಗೆ ಮರಳುವಾಗ ಅವಳು ಹೇಳಿದಳು: ಶರತ್ಕಾಲದಲ್ಲಿ ಬಾ, ನಮ್ಮ ಮನೆಯಲ್ಲೇ ಇರು, ಹತ್ತಿರದಲ್ಲೇ ಶೋಗನ್ನರ ತಂಗುಮನೆ ಇದ್ದ ಜಾಗವಿದೆ, ತೋರಿಸುತ್ತೇನೆ. ನಾನು ಖಂಡಿತ ಎಂದೆ.

ನಮ್ಮ ಜನರ ರೀತಿ ಗೊತ್ತಲ್ಲ. ಐದು ತಾಸಿನ ದಾರಿಯ ಅರೋರಾದಿಂದ ಯಾರೋ ಮದುವೆಗೆ ಕರೆಯಲಿ, ಶಾಮ್‌ಬರ್ಗಿನಿಂದ ಗೃಹಪ್ರವೇಶಕ್ಕೆ ಕರೆಯಲಿ, ಇಲ್ಲ ಎನ್ನುವುದಿಲ್ಲ. ಖಂಡಿತ ಬರುತ್ತೇವೆ ಎನ್ನುತ್ತೇವೆ, ಹೋಗುವುದಿಲ್ಲ, ಕರೆದವರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಇಲ್ಲೇ ಹುಟ್ಟಿದ ನನ್ನ ಮಗಳು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು: "ಅಮ್ಮಾ, ವೈ ಡು ಯು ಸೇ ಯೆಸ್ ವೆನ್ ವಿ ಆರ್ ನಾಟ್ ಗೋಯಿಂಗ್?" ದೊಡ್ಡವರ ಮಾತಿನ ನಡುವೆ ಬರಬೇಡ ಎಂದು ಗದರಿದ್ದೆ.

ಪ್ರತಿ ಆಗಸ್ಟಿನಲ್ಲಿ ಮಿಚಿಕೊಳ ಪತ್ರ ಬರುತ್ತಿತ್ತು: ಈ ಶರತ್ಕಾಲಕ್ಕೆ? ಖಂಡಿತ ಎಂದು ಬರೆಯುತ್ತಿದ್ದೆ. ಆಮೇಲೆ ಮಗಳ ಪರೀಕ್ಷೆ, ಮನೆಯ ಸೂರಿನ ರಿಪೇರಿ, ನನ್ನ ಮೊಣಕಾಲು, ಒಂದಲ್ಲ ಒಂದು. ಈ ಆಗಸ್ಟಿನಲ್ಲಿ ಪತ್ರ ಬರಲಿಲ್ಲ. ಅಕ್ಟೋಬರಿನ ಕೊನೆಗೆ ತನಾಬೆಯವರ ಎರಡು ಸಾಲಿನ ಈಮೇಲ್ ಬಂತು: ಮಿಚಿಕೊಗೆ ಮರೆವು ಹೆಚ್ಚುತ್ತಿದೆ, ಬರುವುದಿದ್ದರೆ ಈಗ ಬನ್ನಿ. ಸಾವಿರದ ನಾನೂರು ಡಾಲರಿನ ಟಿಕೆಟ್ಟು ಅವತ್ತೇ ಕೊಂಡೆ. ಅವಳು ನನ್ನ ಗುರುತು ಹಿಡಿಯುವಂತಿರುವಾಗಲೇ ಮುಖಾಮುಖಿ ಕೂತು, ತಪ್ಪಾಯಿತು ಎಂದು ಹೇಳಬೇಕಾಗಿತ್ತು. ಬೇರೆ ಯಾವ ಪ್ರವಾಸದ ಆಸೆಯೂ ನನಗಿರಲಿಲ್ಲ.

ಹದಿಮೂರು ತಾಸು ವಿಮಾನ. ಸಸ್ಯಾಹಾರವೆಂದು ಕೊಟ್ಟದ್ದು ಬೇಯಿಸಿದ ಗಜ್ಜರಿ ಮತ್ತು ತಣ್ಣನೆಯ ಅನ್ನ. ಟೋಕಿಯೊದಲ್ಲಿ ಇಳಿದಾಗ ಮರುದಿನದ ಸಂಜೆಯಾಗಿತ್ತು. ಅಲ್ಲಿಂದ ಬಸ್ಸಿನಲ್ಲಿ ಸುಮಾರು ಒಂದು ತಾಸು ಹೋಗಿ ಚಿಬಾ ನಗರ ಸೇರಿದೆ. ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಮಲಗಿ, ಬೆಳಿಗ್ಗೆ ಕೋಣೆ ಖಾಲಿ ಮಾಡಿ ಚೀಲದೊಂದಿಗೆ ಕೆಳಗಿಳಿದರೆ ತನಾಬೆಯವರು ಕಾರು ತಂದು ನಿಂತಿದ್ದರು. ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು.

"ಮಿಚಿಕೊ ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಚೆನ್ನಾಗಿರುತ್ತಾಳೆ. ಮೊದಲು ತಂಗುಮನೆ ನೋಡೋಣ" ಎಂದರು. ನಮ್ಮಿಬ್ಬರ ನಡುವೆ ಇದ್ದದ್ದು ಅದೇ ಹಳೆಯ ಹರಕು ಇಂಗ್ಲಿಷ್.

ಊರು ದಾಟಿದ ಮೇಲೆ ಶೇಂಗಾ ಹೊಲಗಳು ಶುರುವಾದವು. ಕಿತ್ತ ಬಳ್ಳಿಯನ್ನು ಆಳೆತ್ತರ ಬಣವೆ ಒಟ್ಟಿ ಒಣಗಿಸಿದ್ದರು. ನಮ್ಮ ಕಡೆಯ ಹೊಲ ಕಂಡಂತಾಗಿ ಅರೆಗಳಿಗೆ ಖುಷಿಯಾಯಿತು. ನಲವತ್ತು ನಿಮಿಷದ ಮೇಲೆ ಒಂದು ತೋಪಿನ ಪಕ್ಕ ಕಾರು ನಿಂತಿತು. ಮೋಡ ಕವಿದಿತ್ತು, ಚಳಿ ಐವತ್ತು ಡಿಗ್ರಿ ಇದ್ದೀತು.

ನೋಡಲು ಅಲ್ಲಿ ಕಟ್ಟಡವೇ ಇಲ್ಲ. ಒಂದು ಫಲಕ, ಸುತ್ತ ಬಿದಿರು, ಆಮೇಲೆ ಎಲೆ ತುಂಬಿದ ಒಣ ಕಂದಕ, ಅದರಾಚೆ ನನ್ನ ತಲೆಗಿಂತ ಎತ್ತರದ ಮಣ್ಣಿನ ಏರಿ. ಏರಿ ಚೌಕಾಕಾರವಾಗಿ ಸುತ್ತುವರಿದಿದೆ, ಒಂದೊಂದು ಮಗ್ಗುಲೂ ನಾನೂರು ಅಡಿಯ ಆಸುಪಾಸು. ಒಳಗೆ ಬರೀ ಹುಲ್ಲು. ಶೋಗನ್ ಎಂದರೆ ಚಕ್ರವರ್ತಿಯ ಹೆಸರಿನಲ್ಲಿ ದೇಶವಾಳುತ್ತಿದ್ದ ಸೇನಾಧಿಪತಿ. ನಾನೂರು ವರ್ಷದ ಹಿಂದಿನ ಶೋಗನ್ನನಿಗೆ ಗಿಡುಗ ಬಿಟ್ಟು ಬೇಟೆಯಾಡುವ ಹುಚ್ಚು. ಅದಕ್ಕಾಗಿ ಹಳ್ಳಿಯವರಿಂದ ನೆಟ್ಟಗಿನ ರಸ್ತೆ ಮಾಡಿಸಿ, ದಾರಿಯಲ್ಲಿ ದಣಿವಾರಿಸಿಕೊಳ್ಳಲು ಈ ಮನೆ ಕಟ್ಟಿಸಿದ. ಬಂದದ್ದು ಕೆಲವೇ ಸಲ. ಮುಂದಿನವರಿಗೆ ಬೇಟೆಯ ಗೀಳು ಇಳಿಯಿತು, ಮನೆ ಇಲ್ಲವಾಯಿತು.

"ಶೋಗನ್ ಬಾರದೆ ಇದ್ದ ವರ್ಷಗಳಲ್ಲಿ ಇಲ್ಲಿದ್ದವರು ಏನು ಮಾಡುತ್ತಿದ್ದರು?" ಕೇಳಿದೆ.

"ಗುಡಿಸುತ್ತಿದ್ದರು ಅಂತ ನನ್ನ ಅಜ್ಜ ಹೇಳುತ್ತಿದ್ದರು. ಬರುತ್ತೇವೆ ಅಂದವರು ಬಂದೇಬಿಟ್ಟರೆ?" ಎಂದರು ತನಾಬೆ. ಏರಿ ಇಳಿಯುವಾಗ ಒದ್ದೆ ಎಲೆಯ ಮೇಲೆ ನನ್ನ ಕಾಲು ಜಾರಿತು. ಅವರು ರಟ್ಟೆ ಹಿಡಿದರು. "ಈ ಕಡೆಯಿಂದ ಬನ್ನಿ. ಇದು ಮಿಚಿಕೊ ಗುರುತು ಮಾಡಿದ ದಾರಿ. ನಿಮಗೆ ಮೊಣಕಾಲು ನೋವು ಅಂತ ಬರೆದಿದ್ದಿರಲ್ಲ, ಪ್ರತಿ ಅಕ್ಟೋಬರಿನಲ್ಲಿ ಬಂದು ಎಲ್ಲಿ ಜಾರುತ್ತದೆ ಅಂತ ನೋಡಿ ಹೋಗುತ್ತಿದ್ದಳು."

ಅವರ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ.

ಮನೆ ಅಲ್ಲಿಂದ ಎರಡು ಮೈಲಿ, ತಲುಪುವಷ್ಟರಲ್ಲಿ ಮಳೆ ಹನಿಯತೊಡಗಿತ್ತು. ಮಿಚಿಕೊ ಬಾಗಿಲಲ್ಲಿ ಮೊಣಕಾಲೂರಿ ಕೂತು ಬಗ್ಗಿ ನಮಸ್ಕರಿಸಿದಳು. ತುಂಬಾ ಸೊರಗಿದ್ದಳು. ನನ್ನನ್ನು ನೋಡಿ ಪಕ್ಕದೂರಿನಿಂದ ಬಂದವರಿಗೆ ನಗುವಂತೆ ನಕ್ಕಳು. ಚಹಾ ಕೊಟ್ಟಳು, ನಾನು ತಂದ ಶೇಂಗಾ ಚಟ್ನಿಪುಡಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ನಾನು ವಿಮಾನದುದ್ದಕ್ಕೂ ಉರುಹೊಡೆದ ಮಾತು ಹೇಳಿದೆ: ಬರುತ್ತೇನೆ ಅಂದು ಬರಲಿಲ್ಲ, ತಪ್ಪಾಯಿತು, ಮಿಚಿಕೊ. ಅವಳು ಗಂಡನ ಮುಖ ನೋಡಿದಳು. ಲೈಬ್ರರಿಯಲ್ಲಿ ಕಲಿತ ಇಂಗ್ಲಿಷ್ ಒಂದಕ್ಷರವೂ ಉಳಿದಿರಲಿಲ್ಲ. ತನಾಬೆ ಜಪಾನಿಯಲ್ಲಿ ಹೇಳಿದರು. ಅವಳು ಮೆಲ್ಲಗೆ ಉತ್ತರ ಕೊಟ್ಟಳು.

"ಪರವಾಗಿಲ್ಲ, ಮಳೆಯಲ್ಲಿ ದಾರಿ ಕಷ್ಟ ಆಯಿತೇನೋ ಅಂತಾಳೆ" ಎಂದರು ಅವರು, ನೆಲ ನೋಡುತ್ತ.

ನಾಲ್ಕು ಗಂಟೆಗೆ ಮಳೆ ಜೋರಾಯಿತು. ಇಲ್ಲೇ ಉಳಿಯಿರಿ ಎಂದು ತನಾಬೆ ಪಕ್ಕದ ಕೋಣೆಯ ಜಾರುಬಾಗಿಲು ಸರಿಸಿ ನನ್ನ ಚೀಲ ಒಳಗಿಟ್ಟರು. ಸಣ್ಣ ಕೋಣೆ. ಚಾಪೆಯ ಮೇಲೆ ಬಿಸಿಲಿಗೆ ಹಾಕಿ ಮಡಿಸಿದ ಹಾಸಿಗೆ, ಮೊಣಕಾಲ ಕೆಳಗಿಡಲು ಹೊಲಿದ ಉದ್ದ ದಿಂಬು, ಬಾಗಿಲ ಬಳಿ ಹೊಸ ಚಪ್ಪಲಿ. ನಾನು ಕಾಲಿಡುವ ಮೊದಲೇ ಮಿಚಿಕೊ ಎದ್ದು ಬಂದು ಅಡ್ಡ ನಿಂತಳು. ಬಗ್ಗಿ, ಮೃದುವಾಗಿಯೇ ಆದರೆ ಗಟ್ಟಿಯಾಗಿ ಏನೋ ಹೇಳಿದಳು. 

"ಏನೆಂದಳು? ಹೇಳಿ" ಎಂದು ನಾನು ತನಾಬೆಯವರನ್ನು ಎರಡು ಸಲ ಕೇಳಬೇಕಾಯಿತು.

"ಕ್ಷಮಿಸಿ, ಈ ಕೋಣೆ ಕೊಡಲಾಗುವುದಿಲ್ಲ ಅಂತಾಳೆ. ಅಮೆರಿಕದಿಂದ ಅವಳ ಗೆಳತಿ ಬರುವವಳಿದ್ದಾಳಂತೆ."

ಆ ಗೆಳತಿ ನಾನೇ ಎಂದು ಹೇಳಿಸಲು ಬಾಯಿ ತೆರೆದೆ. ಅವಳ ಮುಖ ನೋಡಿದೆ, ಹೇಳಿಸಲಿಲ್ಲ. ಚೀಲ ಎತ್ತಿಕೊಂಡು ಹೋಟೆಲಿಗೆ ಬಿಡಿ ಎಂದೆ. ಕಾರು ಹಿಂದೆ ಸರಿಯುವಾಗ ತಿರುಗಿ ನೋಡಿದರೆ ಆ ಕೋಣೆಯ ದೀಪ ಹತ್ತಿತ್ತು. ಮಿಚಿಕೊ ಮೊಣಕಾಲೂರಿ ಕೂತು, ನನ್ನ ಚೀಲ ಇಟ್ಟು ಒದ್ದೆಯಾದ ಜಾಗವನ್ನು ಒರೆಸುತ್ತಿದ್ದಳು.