ಟೋಪಿಯ ಕೆಳಗಿನ ಆರು ತಿಂಗಳು

ಕನ್ನಡಿ ನೋಡುವ ಚಟ ನನಗೆ ಹರೆಯದಲ್ಲೂ ಇರಲಿಲ್ಲ. ಐವತ್ತರ ಹತ್ತಿರ ಬಂದ ಮೇಲೆ ಅಂಟಿಕೊಂಡಿದೆ. ಅದೂ ಒಂದಲ್ಲ, ಎರಡು ಕನ್ನಡಿ. ಗೋಡೆಯದಕ್ಕೆ ಬೆನ್ನು ಕೊಟ್ಟು ನಿಂತು, ಹೆಂಡತಿಯ ಕೈಗನ್ನಡಿಯನ್ನು ಮುಖದ ಮುಂದೆ ಹಿಡಿದು, ನೆತ್ತಿಯ ಬಯಲಿನಲ್ಲಿ ಏನಾದರೂ ಚಿಗುರಿದೆಯೇ ಎಂದು ಹುಡುಕುತ್ತೇನೆ. ಏನೂ ಚಿಗುರಿರುವುದಿಲ್ಲ. ಕತ್ತು ಮಾತ್ರ ನೋಯುತ್ತದೆ.

ಚರ್ಮದ ಡಾಕ್ಟರು ಹಚ್ಚುವ ಔಷಧಿ ಬರೆದುಕೊಡುವಾಗಲೇ ಹೇಳಿದ್ದರು: "ದಿನಾ ತಪ್ಪದ ಹಚ್ರಿ. ಮೊದಲಿಗೆ ಇದ್ದದ್ದೂ ಒಂದಿಷ್ಟ ಉದರ್ತಾವ, ಅಂಜಬ್ಯಾಡ್ರಿ. ಆರ ತಿಂಗಳಾ ಆಗೂತನಕ ಛಲೋ ಆತು, ಕೆಟ್ಟಾತು ಅಂತ ಏನೂ ಅನಬ್ಯಾಡ್ರಿ." ಇರುವುದನ್ನೂ ಉದುರಿಸಿ ಅಂಜಬೇಡ ಎನ್ನುವ ಔಷಧಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಡಾಕ್ಟರಿಗೇನು, ಅವರ ತಲೆಯಲ್ಲಿ ಬಾಚಣಿಗೆ ಸಿಕ್ಕಿಕೊಳ್ಳುವಷ್ಟು ಕೂದಲಿದೆ.

ನನ್ನ ಅವಸರಕ್ಕೆ ಕಾರಣವಿತ್ತು. ಮೂರೇ ತಿಂಗಳಿಗೆ ಅಕ್ಕನ ಮಗಳ ಮದುವೆ. ನಮ್ಮ ಕಡೆ ಮದುವೆಯೆಂದರೆ ಆಹೇರಿ ಆಗಬೇಕು; ಬೀಗರು ಒಬ್ಬರಿಗೊಬ್ಬರು ಹೆಗಲಿಗೆ ಟವೆಲ್ಲು, ತಲೆಗೆ ಟೋಪಿ ಹಾಕಿ ಗೌರವಿಸಬೇಕು. ಹೊಸ ಟೋಪಿ ಹಾಕುವುದಕ್ಕೆ ಹಳೆಯದನ್ನು ತೆಗೆಯಲೇಬೇಕು. ನಾನೋ, ಬಿಸಿಲಿನ ನೆವ ಹೇಳಿ ಎರಡು ವರ್ಷದಿಂದ ಟೋಪಿಯಿಲ್ಲದೆ ಹೊಸ್ತಿಲು ದಾಟಿದವನಲ್ಲ. ಮುಧೋಳದ ಬಿಸಿಲು ಅಷ್ಟರಮಟ್ಟಿಗೆ ನನ್ನ ಮಾನ ಕಾಪಾಡಿದೆ. ಭಾವ ತೀರಿಕೊಂಡಿರುವುದರಿಂದ ವೇದಿಕೆಯ ಮೇಲೆ ಬೀಗರ ಮುಂದೆ ತಲೆ ಬಾಗಿಸಬೇಕಾದವನು ಸೋದರಮಾವನಾದ ನಾನೇ. ಎದುರಿಗೆ ನೆಂಟರೆಲ್ಲ ಮೊಬೈಲು ಹಿಡಿದು ಕೂತಿರುತ್ತಾರೆ.

ಈಗ ಗುಮಾಸ್ತನಾಗಿದ್ದರೂ ನಾನು ಬನಹಟ್ಟಿಯ ನೇಕಾರರ ಮನೆಯವನು. ಮಗ್ಗದಲ್ಲಿ ಬೆಳಿಗ್ಗೆ ಹಿಡಿದ ಸೀರೆ ಸಂಜೆಗೆ ಎಷ್ಟು ಬಂತೆಂದು ಮೊಳ ಹಾಕಿ ಹೇಳಬಹುದು. ಆ ಅಭ್ಯಾಸದಲ್ಲೇ ತಲೆಯನ್ನೂ ಸಂಜೆ ಸಂಜೆಗೆ ಅಳೆಯತೊಡಗಿದೆ. ಹೆಂಡತಿಯೋ, ರನ್ನಬೆಳಗಲಿ ಎಂಬ ಊರಿನ ಕಬ್ಬು ಬೆಳೆಯುವವರ ಮಗಳು. ಅವಳು ರೇಗಿದಳು: "ಕಬ್ಬಿಗೆ ವರ್ಷಗಟ್ಲೆ ಕಾಯ್ತೀವ್ರಿ ನಾವು. ಊರಿದ ಮರುದಿನಾನ ಕೆದರಿ ನೋಡಿದ್ರ ಕಬ್ಬ ಬರತೈತೇನು? ಕನ್ನಡಿ ಕೆಳಗಿಡ್ರಿ!" ನಿಮ್ಮಪ್ಪನ ಹೊಲದಲ್ಲಿ ಊರುವುದಕ್ಕೆ ಬೀಜದ ಕಬ್ಬಾದರೂ ಇರುತ್ತದಲ್ಲ ಎಂದು ಗೊಣಗಿದೆ.

ಕಾಯುವ ಕಾಲವನ್ನು ಹಿರಿಯರು ಎಲ್ಲದಕ್ಕೂ ಗೊತ್ತುಮಾಡಿಟ್ಟಿದ್ದಾರೆ. ಉಪ್ಪಿನಕಾಯಿಗೆ ಇಷ್ಟು, ಬಾಣಂತಿಗೆ ಇಷ್ಟು, ನಾಟಿ ವೈದ್ಯರ ಲೇಹ್ಯಕ್ಕೆ ಒಂದು ಮಂಡಲ. ನಡುವೆ ಯಾರೂ ಜಾಡಿಯ ಮುಚ್ಚಳ ತೆಗೆಯುವುದಿಲ್ಲ. ನನ್ನ ತಲೆಗೆ ಆ ಮರ್ಯಾದೆಯಿಲ್ಲ. ಮಗಳು ಊಟಕ್ಕೆ ಬಡಿಸುತ್ತ ನೆತ್ತಿಯನ್ನು ಇಣುಕುತ್ತಾಳೆ, ಅತ್ತೆ ಫೋನಿನಲ್ಲಿ ಕ್ಷೇಮಸಮಾಚಾರಕ್ಕೂ ಮೊದಲು "ಬಂದಾವೇನ್ರಿ?" ಎನ್ನುತ್ತಾರೆ. ಬಂದರೆ ನಾನೇ ಡಂಗುರ ಸಾರುವುದಿಲ್ಲವೇ!

ಮದುವೆಯ ದಿನ ಬಂತು. ಕೂದಲು ಬರಲಿಲ್ಲ.

ವರನ ತಂದೆ ಲೋಕಾಪುರದ ವ್ಯಾಪಾರಿ, ಹುರಿಮೀಸೆಯ, ಬಿಳಿ ಟೋಪಿಯ ಗಂಭೀರ ಮನುಷ್ಯ. ಅವರು ನನ್ನ ಟೋಪಿ ತೆಗೆದರು. ಸಭೆಯೆಲ್ಲ ಸ್ತಬ್ಧವಾಯಿತೆಂದು ನನಗನ್ನಿಸಿತು; ನಿಜ ಹೇಳಬೇಕೆಂದರೆ ಪಂಕ್ತಿ ಶುರುವಾಗಿ ಅರ್ಧ ಜನ ಊಟಕ್ಕೆ ಎದ್ದಿದ್ದರು. ಬೀಗರು ಮಾತ್ರ ಹೊಸ ಟೋಪಿಯನ್ನು ಕೈಯಲ್ಲೇ ಹಿಡಿದು ನನ್ನ ನೆತ್ತಿಯನ್ನು ದಿಟ್ಟಿಸುತ್ತ ನಿಂತರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅಂತೂ ಟೋಪಿ ಹಾಕಿದರು. ಇನ್ನು ನನ್ನ ಸರದಿ. ಅವರ ಟೋಪಿ ತೆಗೆದೆ. ಅದೇ ಬಯಲು, ಅದೇ ಔಷಧಿಯ ಜಿಡ್ಡು, ಅದೇ ಸ್ಪಿರಿಟ್ಟಿನ ವಾಸನೆ!

ಬೀಗರು ಬಾಗಿ ಪಿಸುಗುಟ್ಟಿದರು: "ನೀವೂ ಅದನ್ನ ಹಚ್ತೀರೇನ್ರಿ ಬೀಗರ? ನಾ ಮೊನ್ನೆ ಮೊನ್ನೆ ಚಾಲೂ ಮಾಡೇನಿ, ಇದ್ದದ್ದೂ ಉದರಾಕತ್ತಾವು. ಬಿಟ್ಟಬಿಡ್ಲೇನ್ರಿ?"

ಮೂರು ತಿಂಗಳಿಂದ ಮನೆಯವರ ಮೇಲೆಲ್ಲ ಸಿಡುಕಿದ ನಾನು, ಅವರ ತಲೆಯ ಮೇಲೆ ಹೊಸ ಟೋಪಿಯನ್ನು ಜತನದಿಂದ ಇಳಿಸುತ್ತ ಹೇಳಿದೆ: "ಅಂಜಬ್ಯಾಡ್ರಿ ಬೀಗರ. ಆರ ತಿಂಗಳಾ ಆಗೂತನಕ ಏನೂ ಅನಬ್ಯಾಡ್ರಿ."

ಬೀಗರು ನಂಬಿದರು. ಅಷ್ಟು ಖಾತ್ರಿಯಿಂದ ಹೇಳಿದ ಮೇಲೆ ನಾನೂ ನಂಬದೆ ವಿಧಿಯಿರಲಿಲ್ಲ.